ಸಾಮಾನು ಮೇಷ್ಟ್ರು

ನಮ್ಮ ಮದಲೂರಿನಲ್ಲಿ ಯಾರ ಕಾಲಿಗಾದರೂ ಜಾಲಿಮುಳ್ಳು ಹೊಕ್ಕು ಒಳಗೇ ಮುರಿದುಕೊಂಡರೆ ಈಗ ಯಾರೂ ಶಿರಾ ಬಸ್ಸು ಹತ್ತುವುದಿಲ್ಲ. ಕುಂಟುತ್ತಾ ಬಂದು ಮೇಷ್ಟ್ರ ಮನೆ ಜಗಲಿ ಮೇಲೆ ಕೂರುತ್ತಾರೆ. ಮೇಷ್ಟ್ರಮ್ಮ ಒಳಗಿಂದ ಆಪರೇಷನ್ ಮಾಡುವವರು ಬಳಸುವ ಮೂರನೇ ನಂಬರಿನ ಹಿಡಿ, ಅದಕ್ಕೆ ಕೂರುವ ಹನ್ನೊಂದನೇ ನಂಬರಿನ ಚೂಪು ಬ್ಲೇಡು, ಮೂತಿ ಬಾಗಿದ ಚಿಮುಟ, ಸುತ್ತ ದೀಪ ಕಟ್ಟಿದ ಭೂತಗನ್ನಡಿ ಎಲ್ಲ ತಂದು ಹರವುತ್ತಾರೆ. ಎರಡೇ ನಿಮಿಷ. ಮುಳ್ಳು ಹೊರಗೆ, ಅರಿಶಿನ ಒಳಗೆ.

ಆ ಸಾಮಾನು ಬಂದದ್ದು ಮುಳ್ಳು ತೆಗೆಯುವುದಕ್ಕಲ್ಲ. ಮಧುಗಿರಿ ಬೆಟ್ಟವನ್ನು ಕೋಟೆ, ಬುರುಜು, ಅಂತರಾಳದ ಬಾಗಿಲು, ದಿಡ್ಡಿ ಬಾಗಿಲು, ಮೈಸೂರು ಬಾಗಿಲು ಸಮೇತ ಪುಟ್ಟದಾಗಿ ಕಟ್ಟಿ, ಬಣ್ಣ ಬಳಿದು, ಗಾಜಿನ ಪೆಟ್ಟಿಗೆಯಲ್ಲಿ ಇಡಬೇಕೆಂದು ಮೇಷ್ಟ್ರು ಒಂದೊಂದಾಗಿ ತರಿಸಿದ್ದು. 2020ರ ಶಿರಾ ಉಪಚುನಾವಣೆಯಲ್ಲಿ ನಮ್ಮೂರ ಕೆರೆಗೆ ಹೇಮಾವತಿ ಹರಿಸುತ್ತೇವೆಂಬ ಮಾತು ರಾಜ್ಯಕ್ಕೆಲ್ಲ ಕೇಳಿಸಿತ್ತಲ್ಲ, ಅದೇ ಸುಮಾರಿಗೆ ಮೇಷ್ಟ್ರೂ ಅರಳಿಕಟ್ಟೆಯಲ್ಲಿ ಬೆಟ್ಟ ಕಟ್ಟುವ ಮಾತು ಕೊಟ್ಟರು. ಕೆರೆಗೆ ನೀರು ಬಂತು.

ಇಂಥವರು ಎಲ್ಲ ಊರಿನಲ್ಲೂ ಒಬ್ಬರು ಇರುತ್ತಾರೆ. ಬೆಳಗಿನ ವಾಕಿಂಗ್ ಶುರು ಮಾಡಲು ಮೂರು ಜೊತೆ ಶೂ ಕೊಂಡು, ಯಾವುದು ವಾಸಿ ಎಂದು ಕೂತಲ್ಲೇ ತೂಗಿ ನೋಡುವವರು. ಸಂಗೀತ ಕಲಿಯುವ ಮೊದಲೇ ತಂಬೂರಿ ನೋಡಲು ತಂಜಾವೂರಿಗೆ ಹೋಗಿ ಬಂದವರು. ಡೈರಿ ಬರೆಯಲು ತಕ್ಕ ಪೆನ್ನು ಸಿಗದೆ ಡಿಸೆಂಬರ್ ಮುಟ್ಟಿದವರು. ಅವರನ್ನು ಸೋಮಾರಿ ಎನ್ನುವಂತಿಲ್ಲ. ಸೋಮಾರಿಗೆ ಇಷ್ಟು ಕೆಲಸ ಇರುವುದಿಲ್ಲ. ನಮ್ಮ ಮೇಷ್ಟ್ರು ಬೆಳಗ್ಗೆ ಆರಕ್ಕೆ ಎದ್ದು ರಾತ್ರಿ ಹನ್ನೊಂದರವರೆಗೆ ದುಡಿಯುತ್ತಾರೆ: ಓದುತ್ತಾರೆ, ಹೋಲಿಸುತ್ತಾರೆ, ಪಟ್ಟಿ ಮಾಡುತ್ತಾರೆ, ಪಟ್ಟಿಗೆ ಇನ್ನೊಂದು ಪಟ್ಟಿ ಮಾಡುತ್ತಾರೆ. "ಸಾಮಾನು ಸರಿಯಿಲ್ದೆ ಕೆಲ್ಸಕ್ಕೆ ಕೈ ಹಾಕೋದು, ಎತ್ತು ನೋಡದೆ ನೊಗ ಕಟ್ದಂಗೆ ಕಣಪ್ಪ" ಎನ್ನುತ್ತಾರೆ. ಊರಿನವರು ಅವರ ನಿಜವಾದ ಹೆಸರು ಮರೆತು ಎಷ್ಟೋ ಕಾಲವಾಯಿತು.

ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಲೆಕ್ಕ ಹೇಳಿಕೊಟ್ಟವರು. ಅದಕ್ಕೇ ಮೊದಲ ತೊಡಕು ಲೆಕ್ಕದಿಂದಲೇ ಬಂತು. ಬೆಂಗಳೂರಿಗೆ ಮದುವೆಗೆಂದು ಹೋದವರು ಆಟದ ಸಾಮಾನಿನ ಅಂಗಡಿಯೊಂದರಲ್ಲಿ ಬೆರಳ ಗೆಣ್ಣಿನಷ್ಟೂ ಇಲ್ಲದ ಪ್ಲಾಸ್ಟಿಕ್ ಸಿಪಾಯಿಗಳ ಡಬ್ಬಿ ಕಂಡು ಮನಸೋತರು. 72ಕ್ಕೆ 1ರ ಸ್ಕೇಲು, ಅಂದರೆ ಐದೂವರೆ ಅಡಿ ಆಳು ಒಂದು ಅಂಗುಲಕ್ಕೆ ಕಡಿಮೆ. ಕೋಟೆ ಕಾವಲಿಗೆ ಹೇಳಿ ಮಾಡಿಸಿದಂತಿದೆ ಎಂದು ಎರಡು ಡಬ್ಬಿ ತಂದರು. ಮನೆಗೆ ಬಂದು ಸೀಮೆಸುಣ್ಣ ಹಿಡಿದು ಕೂತಾಗ ಗೊತ್ತಾಯಿತು: ಮಧುಗಿರಿ ಬೆಟ್ಟ ಸಮುದ್ರ ಮಟ್ಟದಿಂದ 3,930 ಅಡಿ, ಊರಿನಿಂದ ಮೇಲಕ್ಕೆ ಲೆಕ್ಕ ಹಿಡಿದರೂ ಸುಮಾರು 1,300 ಅಡಿ. ಅದನ್ನು 72ರಿಂದ ಭಾಗಿಸಿದರೆ ಹದಿನೆಂಟು ಅಡಿ. ಮೇಷ್ಟ್ರ ಮನೆ ಸೂರು ಇರುವುದು ಹನ್ನೊಂದು ಅಡಿ ಎತ್ತರದಲ್ಲಿ.

"ತಾರಸಿ ಒಡೆಸೋದಾ?" ಎಂದು ಮೇಷ್ಟ್ರಮ್ಮ ಕೇಳಿದರು. ತಮಾಷೆಗೆ ಕೇಳಿದ್ದು. ಮೇಷ್ಟ್ರು ಒಂದು ವಾರ ಯೋಚನೆ ಮಾಡಿದರು.

ಕೊನೆಗೆ ಸ್ಕೇಲು 1,000ಕ್ಕೆ ಇಳಿಯಿತು. ಈಗ ಬೆಟ್ಟ ಹದಿನಾರು ಅಂಗುಲ, ಊಟದ ಮೇಜಿನ ಮೇಲೆ ಕೂರುತ್ತದೆ. ಆದರೆ ಸಿಪಾಯಿ ರಾಗಿಕಾಳಿನಷ್ಟಾದ. ಉತ್ಪ್ರೇಕ್ಷೆಯಲ್ಲ ಇದು, ಸರಿಯಾದ ಅಳತೆ: ಒಂದೂವರೆ ಮಿಲಿಮೀಟರು ಚಿಲ್ಲರೆ. ರಾಗಿಕಾಳಿಗೆ ಪೇಟ ಸುತ್ತುವ ಬ್ರಷ್ಷು ಯಾವುದು? ಇಲ್ಲಿಂದ ಮೇಷ್ಟ್ರ ಜೀವನದ ಎರಡನೇ ಅಧ್ಯಾಯ ಶುರು.

ಬ್ರಷ್ಷಿನ ಲೋಕದಲ್ಲಿ ನಂಬರು ತಲೆಕೆಳಗು. ಎರಡಕ್ಕಿಂತ ಒಂದು ಸಣ್ಣದು, ಒಂದಕ್ಕಿಂತ ಸೊನ್ನೆ ಸಣ್ಣದು, ಸೊನ್ನೆಗಿಂತ ಎರಡು ಸೊನ್ನೆ ಸಣ್ಣದು, ಹೀಗೇ ಹತ್ತು ಸೊನ್ನೆ, ಅದರಾಚೆಗೂ ಹೋಗುತ್ತದೆ. "ಎಡಗಡೆ ಸೊನ್ನೆಗೆ ಬೆಲೆ ಇಲ್ಲ ಅಂತ ಮೂವತ್ತೊಂದು ವರ್ಷ ಹುಡುಗರಿಗೆ ಸುಳ್ಳು ಹೇಳ್ದೆ ಕಣಯ್ಯಾ" ಎಂದು ಬಿಲ್ಲು ತೋರಿಸಿದರು. ಸೊನ್ನೆ ಹೆಚ್ಚಿದಂತೆ ಬೆಲೆಯೂ ಹೆಚ್ಚಿತ್ತು. ಹತ್ತು ಸೊನ್ನೆಯ ಬ್ರಷ್ಷನ್ನು ನಾನು ಕಣ್ಣಾರೆ ನೋಡಿದ್ದೇನೆ. ನೋಡಿದೆ ಎಂದರೆ, ಹಿಡಿಯನ್ನು ನೋಡಿದೆ. ಕೂದಲು ಇದೆ ಎಂದು ಅವರು ಹೇಳಿದರು.

ಆಮೇಲೆ ಕೂದಲಿನ ಜಾತಿ. ಸೈಬೀರಿಯದ ಕೊಲಿನ್‌ಸ್ಕಿ ಎಂಬ ಮುಂಗುಸಿಯಂಥ ಪ್ರಾಣಿಯ ಬಾಲದ ಕೂದಲೇ ಕೂದಲು, ಉಳಿದದ್ದೆಲ್ಲ ಪೊರಕೆ ಎನ್ನುವುದು ಆ ಶಾಸ್ತ್ರದ ಪಂಡಿತರ ಮತ. 1866ರಲ್ಲಿ ವಿಕ್ಟೋರಿಯಾ ರಾಣಿ ತನಗೆಂದು ವಿನ್ಸರ್ ಅಂಡ್ ನ್ಯೂಟನ್ ಕಂಪನಿಗೆ ಹೇಳಿ ಅದರಿಂದ ಬ್ರಷ್ಷು ಮಾಡಿಸಿಕೊಂಡಳು, ಏಳನೇ ನಂಬರು ಆಕೆಗೆ ಇಷ್ಟವಾಗಿದ್ದರಿಂದ ಇವತ್ತಿಗೂ ಆ ಬ್ರಷ್ಷುಗಳ ಮಾಲೆಗೆ ಏಳೆಂದೇ ಹೆಸರು. ಈ ಕಥೆಯನ್ನು ಮೇಷ್ಟ್ರು ನನಗೆ ನಾಲ್ಕು ಸಲ ಹೇಳಿದ್ದಾರೆ. ನಾಲ್ಕನೇ ಸಲ ಕಾಫಿ ತಂದ ಮೇಷ್ಟ್ರಮ್ಮ, "ಆಯಮ್ಮ ಬ್ರಷ್ಷು ತರಿಸ್ಕಂಡು ಚಿತ್ರಾನೂ ಬರೆದ್ಲಂತಲ್ಲ?" ಎಂದು ಲೋಟ ಇಟ್ಟು ಹೋದರು.

ಸ್ವದೇಶಿ ಪ್ರಯತ್ನವೂ ನಡೆಯಿತು. ಹಳೇ ಮೈಸೂರು ಚಿತ್ರಗಾರರು ಅಳಿಲಿನ ಬಾಲದ ಕೂದಲಿನಿಂದ ತಾವೇ ಬ್ರಷ್ಷು ಕಟ್ಟಿಕೊಳ್ಳುತ್ತಿದ್ದರೆಂದು ಓದಿದ ದಿನದಿಂದ ಹಿತ್ತಲ ಹುಣಸೆಮರದ ಅಳಿಲುಗಳು ಮೇಷ್ಟ್ರನ್ನು ಕಂಡರೆ ದಾರಿ ಬದಲಿಸತೊಡಗಿದವು. ಅದೇ ವಾರ ನನ್ನನ್ನೂ ಸ್ಕೂಟರಿನ ಹಿಂದೆ ಕೂರಿಸಿಕೊಂಡು ಸೀಬಿಗೆ ಹೋದರು. ತುಮಕೂರು ರಸ್ತೆಯ ಸೀಬಿ ನರಸಿಂಹಸ್ವಾಮಿ ದೇವಸ್ಥಾನಕ್ಕೆ ಹರಕೆ ಹೊತ್ತವರು ಹೋಗುತ್ತಾರೆ. ಮೇಷ್ಟ್ರು ಹೋದದ್ದು ಸೂರು ನೋಡಲು. ಕಚೇರಿ ಕೃಷ್ಣಪ್ಪನ ಮನೆತನದವರು ಕಟ್ಟಿಸಿದ ಆ ಗುಡಿಯ ಮಂಟಪದ ಸೂರಿನ ತುಂಬ ಹಳೆಯ ವರ್ಣಚಿತ್ರಗಳಿವೆ: ದೇವರ ಲೀಲೆ, ದರ್ಬಾರು, ಮೆರವಣಿಗೆ. ಮೀಸೆಯ ಒಂದೊಂದು ಎಳೆ, ಸೀರೆಯಂಚಿನ ಒಂದೊಂದು ಚುಕ್ಕೆ ಹಾಗೇ ಕಾಣುತ್ತದೆ. ಮೇಷ್ಟ್ರು ಕತ್ತೆತ್ತಿ ಒಂದು ಗಂಟೆ ನಿಂತರು. ಪಕ್ಕದವರು ಭಕ್ತಿ ಎಂದುಕೊಂಡರು. ನನಗೆ ಮಾತ್ರ ಕೇಳಿಸಿದ ಮಂತ್ರ ಇದು: "ಮೂರು ಸೊನ್ನೆ... ಇಲ್ಲ, ನಾಲ್ಕು ಸೊನ್ನೆ ಇರಬೇಕು." ಇಳಿಯದ ಕತ್ತಿಗೆ ಆಮೇಲೆ ಹದಿನೈದು ದಿನ ಎಣ್ಣೆ ತಿಕ್ಕಿದ್ದು ಮೇಷ್ಟ್ರಮ್ಮ.

ಇಷ್ಟರಲ್ಲಿ ಯಾರೋ ಅರಣ್ಯ ಇಲಾಖೆಯ ನೆಂಟರು ಬಂದು ಮುಂಗುಸಿ ಕೂದಲಿನ ಬ್ರಷ್ಷು ಇಟ್ಟುಕೊಂಡರೂ ಅಪರಾಧ ಎಂದು ಹೇಳಿ ಹೋದರು. ಅದು ನಿಜವೇ. ಮುಂಗುಸಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ, 2019ರಲ್ಲಿ ಈ ಬ್ರಷ್ಷುಗಳಿಗಾಗಿಯೇ ದೇಶದ ಹಲವು ಕಡೆ ದಾಳಿ ನಡೆದಿತ್ತು. ಮೇಷ್ಟ್ರ ಜಂಘಾಬಲ ಉಡುಗಿತು. ಮನೆಯಲ್ಲಿದ್ದದ್ದು ನಲವತ್ತಮೂರು ಬ್ರಷ್ಷು, ಯಾವುದರ ಹುಟ್ಟು ಎಲ್ಲಿಯದೋ! ಅದಕ್ಕೊಂದು ಪರೀಕ್ಷೆ ಇದೆ: ಒಂದು ಎಳೆ ಕಿತ್ತು ಬೆಂಕಿಗೆ ಹಿಡಿಯಬೇಕು. ಪ್ರಾಣಿಯದಾದರೆ ತಲೆಗೂದಲು ಸುಟ್ಟ ವಾಸನೆ ಬಂದು ಬೂದಿಯಾಗುತ್ತದೆ, ನೈಲಾನಾದರೆ ಕರಗಿ ಮಣಿಯಾಗುತ್ತದೆ. ಒಂದು ಭಾನುವಾರ ಗ್ಯಾಸ್ ಒಲೆ ಮುಂದೆ ನಲವತ್ತಮೂರು ಅಗ್ನಿಪರೀಕ್ಷೆ ನಡೆಯಿತು. ಮುಂಗುಸಿ ಇರಲಿ, ಯಾವ ಪ್ರಾಣಿಯೂ ಸಿಗಲಿಲ್ಲ. ಸಿಕ್ಕಿದ್ದು ಬೇರೆ: ಅಪ್ಪಟ ಕೊಲಿನ್‌ಸ್ಕಿ ಎಂದು ಅಂಚೆಯಲ್ಲಿ ತರಿಸಿದ್ದ ಆರಕ್ಕೆ ಆರೂ ಕರಗಿ ಸಾಬೂದಾಣಿಯಾದವು. ಮಾರಿದವನಿಗೆ ಮೇಷ್ಟ್ರು ಬರೆದ ಪತ್ರ ನಾಲ್ಕು ಪುಟ. ಅದನ್ನು ಯಾವ ಪೆನ್ನಿನಲ್ಲಿ ಬರೆಯುವುದೆಂದು ಯೋಚಿಸಲಿಲ್ಲ, ಅಷ್ಟು ಸಿಟ್ಟು ಬಂದಿತ್ತು.

ಉಳಿದ ಸಾಮಾನಿನ ಸಂಗತಿಯನ್ನೂ ಒಂದಿಷ್ಟು ಹೇಳಬೇಕು, ಯಾಕೆಂದರೆ ಅದರಿಂದ ಊರಿಗೆ ಆದ ಉಪಕಾರ ಸಣ್ಣದಲ್ಲ. ಪ್ಲಾಸ್ಟಿಕ್ ಬಿಡಿಭಾಗ ಕತ್ತರಿಸಲು ತಂದ, ಒಂದು ಮೈ ಚಪ್ಪಟೆಯಾಗಿರುವ ಇಕ್ಕಳಗಳಲ್ಲಿ ಈಗ ಮಲ್ಲಿಗೆ ಬಳ್ಳಿ ಸವರುತ್ತಾರೆ. ನಾನೂರರಿಂದ ಎರಡು ಸಾವಿರದ ನಂಬರಿನವರೆಗಿನ ಮರಳು ಕಾಗದದಿಂದ ಪಕ್ಕದ ಮನೆ ಹುಡುಗ ತನ್ನ ಕೇರಂ ಸ್ಟ್ರೈಕರನ್ನು ಕನ್ನಡಿ ಮಾಡಿಕೊಂಡು ಹೋಬಳಿಗೆ ಪ್ರಸಿದ್ಧನಾದ. ಏರ್‌ಬ್ರಷ್ಷು ತಂದಾಗ ಅದರ ಮೂತಿ 0.2 ಮಿಲಿಮೀಟರಿನದು ಬೇಕೋ 0.3ರದು ಬೇಕೋ ಎಂದು ಎಂಟು ತಿಂಗಳು ಚರ್ಚೆ ನಡೆದು, ಎರಡೂ ಬಂದು, ಒಂದರಲ್ಲಿ ದಾಸವಾಳದ ಹಿಟ್ಟುತಿಗಣೆಗೆ ಬೇವಿನೆಣ್ಣೆ ಹೊಡೆಯುತ್ತಾರೆ. ಅದರ ಕಂಪ್ರೆಸರಂತೂ ಬೋರ್‌ವೆಲ್ ಸ್ಟಾರ್ಟರಿನೊಳಗೆ ಇರುವೆ ಗೂಡು ಕಟ್ಟಿದಾಗಲೆಲ್ಲ ತೋಟದಿಂದ ತೋಟಕ್ಕೆ ಬೈಕಿನ ಮೇಲೆ ಸವಾರಿ ಹೊರಡುತ್ತದೆ. ಕಡಲೆಕಾಯಿ ಕಾಲದಲ್ಲಿ ಅದಕ್ಕೆ ಸರದಿ. ಮೇಷ್ಟ್ರು ಯಾರಿಗೂ ಇಲ್ಲ ಎನ್ನುವುದಿಲ್ಲ. ಕೊಡುವಾಗ ಅದರ ವಂಶಾವಳಿ ಅರ್ಧ ಗಂಟೆ ಹೇಳುತ್ತಾರೆ, ಅದೇ ಬಾಡಿಗೆ.

ನಾನು ಇವರ ಕೈಗೆ ಸಿಕ್ಕಿದ್ದು ಒಂದು ಜೊತೆ ಕಣ್ಣಿನಿಂದ. ಎರಡು ಜೊತೆ, ಸರಿಯಾಗಿ ಹೇಳಬೇಕೆಂದರೆ. ನನ್ನ ಹೆಂಡತಿ ಮೈಸೂರು ಕಡೆಯವಳು, ಮದುವೆಯಲ್ಲಿ ತವರಿನಿಂದ ಪಟ್ಟದ ಗೊಂಬೆ ಬಂದಿದ್ದವು. ರಾಜ ರಾಣಿ ಇಬ್ಬರಿಗೂ ಕಣ್ಣಿನ ಬಣ್ಣ ಹೋಗಿತ್ತು. ದಸರೆಗೆ ಮೊದಲು ಕಣ್ಣು ತಿದ್ದೋಣವೆಂದು ಆಷಾಢದಲ್ಲಿ ಮೇಷ್ಟ್ರನ್ನು ಕೇಳಿದೆ: "ಯಾವ ಬ್ರಷ್ಷು ತರಲಿ?" ಕೇಳಬಾರದಿತ್ತು. ಶ್ರಾವಣವೆಲ್ಲ ಕೂದಲಿನ ವಿಚಾರ, ಭಾದ್ರಪದವೆಲ್ಲ ಹಿಡಿಯ ವಿಚಾರ. ಆ ವರ್ಷ ರಾಜದಂಪತಿಗಳು ಕುರುಡರಾಗೇ ಪಟ್ಟಕ್ಕೆ ಕೂತರು. ಆರತಿಗೆ ಬಂದ ಹೆಂಗಸರು ಏನೂ ಅನ್ನಲಿಲ್ಲ, ನೋಡಿದರು.

ಮುಂದಿನ ವರ್ಷ ಮಹಾಲಯ ಅಮಾವಾಸ್ಯೆಯ ದಿನ ನನ್ನವಳು ಗೊಂಬೆಗಳನ್ನು ಸೆರಗಿನಲ್ಲಿ ಸುತ್ತಿಕೊಂಡು ಹೋಗಿ ಮೇಷ್ಟ್ರ ಮುಂದೆ ಇಟ್ಟಳು. "ನಾಳೆ ಬೆಳಗ್ಗೆ ಕೂರಿಸಬೇಕು" ಎಂದಷ್ಟೇ ಹೇಳಿದಳು. ಮೇಷ್ಟ್ರು ಬೀರು ಕಡೆ ಕೈ ಚಾಚಿದರು. ಬೀರುವಿನ ಬೀಗದ ಕೈ ಮೇಷ್ಟ್ರಮ್ಮನ ಸೊಂಟದಲ್ಲಿತ್ತು, ಮೇಷ್ಟ್ರಮ್ಮ ಭಜನೆಗೆ ಹೋಗಿದ್ದರು. ಈ ಇಬ್ಬರು ಹೆಂಗಸರು ಮೊದಲೇ ಮಾತಾಡಿಕೊಂಡಿದ್ದರೋ ಏನೋ, ನಾನು ಕೇಳಿಲ್ಲ. ಕೊನೆಗೆ ನನ್ನ ಮಗನ ಜಾಮಿಟ್ರಿ ಬಾಕ್ಸಿನಿಂದ ಎರಡನೇ ನಂಬರಿನ ಶಾಲೆ ಬ್ರಷ್ಷೊಂದು ಬಂತು.

ಆಗ ನೋಡಿದೆ ನಾನು. ಮೇಷ್ಟ್ರು ಬ್ರಷ್ಷನ್ನು ನೀರಿಗದ್ದಿ ಮಣಿಕಟ್ಟಿನಿಂದ ಒಮ್ಮೆ ಕೊಡವಿದರು. ಕೂದಲು ಒಟ್ಟುಗೂಡಿ ಸೂಜಿಯಂತೆ ಮೊನೆ ಕಟ್ಟಿತು. "ನೋಡು, ಮೊನೆ ಐತೆ. ಹೊಟ್ಟೆಯೂ ಐತೆ. ತೀರಾ ಸಣ್ಣ ಬ್ರಷ್ಷಿಗೆ ಹೊಟ್ಟೇನೇ ಇರಲ್ಲ, ಬಣ್ಣ ಗೊಂಬೆ ಮುಟ್ಟೋದ್ರೊಳಗೆ ತುದೀಲೇ ಒಣಗೋಗ್ತೈತೆ, ನಮ್ಮೂರ ಬಿಸಿಲಲ್ಲಂತೂ ಕೇಳಬೇಡ" ಎಂದರು. ಬಣ್ಣವನ್ನು ನೀರುಮಜ್ಜಿಗೆ ಹದಕ್ಕೆ ಕಲೆಸಿ, ಕುತ್ತಿಗೆಯವರೆಗೆ ಅದ್ದದೆ ಅರ್ಧ ಮಾತ್ರ ಅದ್ದಿ, ಬಟ್ಟೆಗೆ ಒರೆಸಿ, ಎಡಗೈ ಹೆಬ್ಬೆಟ್ಟಿನ ಉಗುರಿನ ಮೇಲೆ ಒಂದು ಗೆರೆ ಎಳೆದು ನೋಡಿದರು. ಎರಡೂ ಮುಂಗೈ ಜೋಡಿಸಿ ಮೇಜಿಗೆ ಒತ್ತಿಕೊಂಡರು. ಮೊದಲು ರಾಣಿಯ ಕಣ್ಣಿನ ಜಾಗಕ್ಕೆಲ್ಲ ಕಡುಕಂದು. ಅದರ ಮೇಲೆ ಅಂಚಿನ ಎಳೆ ಉಳಿಯುವ ಹಾಗೆ ಬಿಳಿ, ಆ ಉಳಿದ ಎಳೆಯೇ ಕಾಡಿಗೆ. ಆಮೇಲೆ ಉಸಿರು ಬಿಟ್ಟು, ತಿರುಗಿ ಎಳೆದುಕೊಳ್ಳುವ ಮೊದಲಿನ ಆ ಒಂದು ಗಳಿಗೆಯಲ್ಲಿ ಗುಡ್ಡೆ. ಎರಡೂ ಗುಡ್ಡೆ ಕೊಂಚ ಎಡಕ್ಕೆ, ರಾಜನ ಕಡೆಗೆ. ನಟ್ಟನಡುವೆ ಇಟ್ಟರೆ ಗೊಂಬೆ ಬೆಚ್ಚಿಬಿದ್ದಂತೆ ಕಾಣುತ್ತದಂತೆ. ಕೊನೆಗೆ ಗುಡ್ಡೆಯ ಮೂಲೆಗೆ ಸಾಸಿವೆಯ ಕಾಲು ಭಾಗದಷ್ಟು ಬಿಳಿ ಚುಕ್ಕೆ.

ರಾಣಿ ತಟ್ಟನೆ ನಮ್ಮನ್ನೆಲ್ಲ ನೋಡಿದಳು. ನನ್ನವಳು ಕೈ ಮುಗಿದುಬಿಟ್ಟಳು, ರಾಣಿಗೋ ಮೇಷ್ಟ್ರಿಗೋ ತಿಳಿಯಲಿಲ್ಲ. ಗಡಿಯಾರ ನೋಡಿದೆ, ಇಪ್ಪತ್ತೈದು ನಿಮಿಷ ಆಗಿತ್ತು. ಇಷ್ಟು ವರ್ಷದಿಂದ ಆ ಕೈಯನ್ನು ಎಲ್ಲಿ ಬಚ್ಚಿಟ್ಟಿದ್ದರೋ ಮಹಾರಾಯರು!

"ಇನ್ನು ರಾಜ" ಎಂದೆ.

ಮೇಷ್ಟ್ರು ರಾಜನನ್ನು ಎತ್ತಿ ಬೆಳಕಿಗೆ ಹಿಡಿದರು. ತಿರುಗಿಸಿದರು. ಶಾಲೆ ಬ್ರಷ್ಷನ್ನು ನೋಡಿದರು, ಮತ್ತೆ ರಾಜನನ್ನು ನೋಡಿದರು.

"ಇವನಿಗೆ ಮೀಸೆ ಐತಲ್ಲಪ್ಪ," ಎಂದರು. "ಕಣ್ಣು ಬರೆದ್ರೆ ಮೀಸೆ ಮಂಕಾಗಿ ಕಾಣ್ತದೆ. ಮೀಸೆಗೆ ಬೇರೆ ಬ್ರಷ್ಷೇ ಬೇಕು. ಜಪಾನಿನೋರು ಒಂದು ಮಾಡ್ತಾರೆ..."

ಅದಾದ ಮೇಲೆ ಎರಡು ದಸರೆ ಕಳೆದವು. ನಮ್ಮನೆ ಗೊಂಬೆ ನೋಡಲು ನೀವೂ ಬನ್ನಿ, ಚರ್ಪು ಕೊಡುತ್ತೇವೆ. ರಾಣಿ ಎಡಕ್ಕೆ ಕಣ್ಣು ಹೊರಳಿಸಿ ಗಂಡನನ್ನೇ ನೋಡುತ್ತಾ ಕೂತಿರುತ್ತಾಳೆ. ರಾಜನ ಬ್ರಷ್ಷು ಇನ್ನೂ ಬಂದಿಲ್ಲ.