ಆಚಂದ್ರಾರ್ಕ ಡಾಟ್ ಆರ್ಗ್

ಸಮಾಜಸೇವೆ ಮಾಡುವವರು ಬರಗಾಲವನ್ನು ಎದುರಿಸಬಲ್ಲರು, ಸಾಂಕ್ರಾಮಿಕ ರೋಗವನ್ನು ಎದುರಿಸಬಲ್ಲರು, ಲೆಕ್ಕ ತಪಾಸಣೆಯವರನ್ನೂ ಚಹಾ ಕುಡಿಸಿ ಎದುರಿಸಬಲ್ಲರು. ಅವರ ಕೈಕಾಲು ತಣ್ಣಗಾಗುವುದು ವೆಬ್‌ಸೈಟ್ ಎಂಬ ಶಬ್ದ ಕೇಳಿದಾಗ. ಹಾವೇರಿಯಲ್ಲೊಂದು ಕಚೇರಿ, ರಾಣೆಬೆನ್ನೂರಿನಲ್ಲಿ ಹೊಲಿಗೆ ತರಬೇತಿ, ಬ್ಯಾಡಗಿಯಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸುವ ಹೆಂಗಸರಿಗೆ ಆರೋಗ್ಯ ಶಿಬಿರ, ಇಷ್ಟನ್ನು ಇಟ್ಟುಕೊಂಡು ನೆಮ್ಮದಿಯಾಗಿದ್ದ ನಮ್ಮ ಸಂಸ್ಥೆಗೆ ಒಂದು ದಿನ ಬೆಂಗಳೂರಿನಿಂದ ಫೋನ್ ಬಂತು. 2013ರ ಕಂಪನಿ ಕಾಯ್ದೆಯ ಪ್ರಕಾರ ಲಾಭದಲ್ಲಿ ನೂರಕ್ಕೆ 2ರಷ್ಟನ್ನು ಸಮಾಜಕ್ಕೆ ಖರ್ಚು ಮಾಡಲೇಬೇಕಾದ ಕಂಪನಿಯೊಂದರ ಅಧಿಕಾರಿ. ‘ನಿಮ್ಮ ವೆಬ್‌ಸೈಟ್ ತೆರೆದೆ ಸರ್, ಏನೂ ಕಾಣ್ತಿಲ್ಲ, ಬರೀ ಬಿಳೀ ಪರದೆ’ ಎಂದರು.

‘ಪಾರದರ್ಶಕತೆ ಅಂದ್ರ ಅದ ಅಲ್ಲೇನ್ರಿ?’ ಎಂದರು ನಮ್ಮ ಅಧ್ಯಕ್ಷರು.

ಬಿಳೀ ಪರದೆಗೆ ಕಾರಣವಿತ್ತು. ಹಳೆಯ ತಾಣವನ್ನು ಫ್ಲ್ಯಾಶ್ ಎಂಬ ತಂತ್ರದಲ್ಲಿ ಮಾಡಿಸಿದ್ದರು. ತೆರೆದರೆ ಮೊದಲು ಸಮೆಯ ದೀಪ ಹೊತ್ತುತ್ತಿತ್ತು, ಆಮೇಲೆ ಕಮಲ ಅರಳುತ್ತಿತ್ತು, ಕಮಲದೊಳಗಿಂದ ಅಧ್ಯಕ್ಷರು ಕೈಮುಗಿದುಕೊಂಡು ಮೇಲೇಳುತ್ತಿದ್ದರು. 2020ರ ಡಿಸೆಂಬರ್ 31ಕ್ಕೆ ಅಡೋಬಿ ಕಂಪನಿ ಫ್ಲ್ಯಾಶ್‌ಗೆ ಎಳ್ಳುನೀರು ಬಿಟ್ಟಿತು. ದೀಪ, ಕಮಲ, ಅಧ್ಯಕ್ಷರು ಮೂವರೂ ಒಟ್ಟಿಗೆ ಆರಿಹೋದರು. ಊರಲ್ಲಿ ಯಾರಿಗೂ ಇದು ಗೊತ್ತೇ ಆಗಲಿಲ್ಲ. ನಮ್ಮಿಂದ ಸಹಾಯ ಪಡೆಯುವವರು ವೆಬ್‌ಸೈಟ್ ನೋಡಿ ಬರುವವರಲ್ಲ; ಬಸ್ ಸ್ಟ್ಯಾಂಡಿನ ಹತ್ತಿರದ ಚಹಾದಂಗಡಿಯಲ್ಲಿ ‘ಆ ಸಂಸ್ಥಾದವರು ಎಲ್ಲಿ ಕೂಡ್ತಾರ್ರಿ’ ಎಂದು ಕೇಳಿಕೊಂಡು ಬರುವವರು. ಆ ಅಂಗಡಿಯವನಿಗೆ ನಾವು ವಾರ್ಷಿಕ ಶುಲ್ಕ ಕಟ್ಟಿದ್ದೂ ಇಲ್ಲ.

ಅಂತೂ ಸಮಿತಿ ರಚನೆಯಾಯಿತು. ಹಾವೇರಿಯಿಂದ ಅಧ್ಯಕ್ಷರು, ಸಹಕಾರಿ ಬ್ಯಾಂಕಿನಿಂದ ನಿವೃತ್ತರಾದ ಖಜಾಂಚಿ, ರಾಣೆಬೆನ್ನೂರಿನಿಂದ ಬೀಜದ ವ್ಯಾಪಾರದ ನಿರ್ದೇಶಕರು, ಬ್ಯಾಡಗಿಯಿಂದ ದಲಾಲಿ ಅಂಗಡಿಯ ಸಾಹುಕಾರರು. ಕನ್ನಡ ಟೈಪಿಂಗ್ ಬರುತ್ತದೆ ಎಂಬ ಒಂದೇ ಅಪರಾಧಕ್ಕೆ ನಾನು. ಸಂಸ್ಥಾಪಕ ಸದಸ್ಯರಾದ ಅಜ್ಜಾರೊಬ್ಬರಿದ್ದರು. ಅವರನ್ನು ಯಾರೂ ಸಮಿತಿಗೆ ಹಾಕಿರಲಿಲ್ಲ, ಆದರೆ ಎದ್ದು ಹೋಗಿ ಎನ್ನುವ ಧೈರ್ಯವೂ ಯಾರಿಗೂ ಇರಲಿಲ್ಲ. ಕೆಲಸ ಮಾಡುವವನು ರಾಣೆಬೆನ್ನೂರಿನ ಒಬ್ಬ ಎಂಜಿನಿಯರಿಂಗ್ ಹುಡುಗ.

ಮೊದಲ ಸಭೆಯಲ್ಲೇ ಅಜ್ಜಾರು ತಮ್ಮ ಆಕ್ಷೇಪಣೆ ದಾಖಲಿಸಿದರು. ‘ಎಸ್. ಆರ್. ಹಿರೇಮಠರು, ಅವರ ಹೆಂಡತಿ ಮೇವಿಸ್ ಬಾಯಾರು 1979ರಾಗ ಅಮೇರಿಕಾ ಬಿಟ್ಟು ಬಂದು ಮೆಡ್ಲೇರಿ ಹಳ್ಳ್ಯಾಗ ಕೆಲಸಾ ಹಿಡದಾಗ ಯಾವ ವೆಬ್‌ಸೈಟ್ ಇತ್ತು? 1987ರಾಗ ಕುಸನೂರಾಗ ಜನಾ ಸೇರಿ ನೀಲಗಿರಿ ಕಿತ್ತು ಬ್ಯಾರೆ ಸಸಿ ಹಚ್ಚಿದ್ರು. ಕಿತ್ತಿಕೋ-ಹಚ್ಚಿಕೋ! ಆ ಸತ್ಯಾಗ್ರಹದ ಹೋಮ್ ಪೇಜ್ ಯಾರರೆ ಕೇಳಿದ್ರೇನು? ಕಾದಂಬರಿಕಾರ ಗಳಗನಾಥರು ತಮ್ಮ ಪುಸ್ತಕಾ ತಾವ ಹೊತ್ತು ಮನೀ ಮನೀಗೆ ಮಾರಿದ್ರು.’

‘ಅದಕ್ಕ ಈಗ ಹೋಮ್ ಡೆಲಿವರಿ ಅಂತಾರ್ರಿ ಅಜ್ಜಾರ’ ಎಂದ ಹುಡುಗ. ಅಜ್ಜಾರಿಗೆ ಆ ಕ್ಷಣದಿಂದ ಅವನ ಮೇಲೆ ಪ್ರೀತಿ ಹುಟ್ಟಿತು. ನಮಗೆಲ್ಲ ಭಯ ಹುಟ್ಟಿತು.

ಮುಖಪುಟದ ಚಿತ್ರ ಯಾವುದಿರಬೇಕು ಎಂಬಲ್ಲಿ ಮೂರು ಊರುಗಳ ನಡುವಿನ ಹಳೆಯ ಸ್ನೇಹ ಪರೀಕ್ಷೆಗೆ ಬಿತ್ತು. ರೈಲಿನಲ್ಲಿ ಹಾವೇರಿ ಬಿಟ್ಟರೆ ಬ್ಯಾಡಗಿ, ಅದು ದಾಟಿದರೆ ರಾಣೆಬೆನ್ನೂರು. ಒಂದೇ ಹಳಿಯ ಮೇಲಿನ ಊರುಗಳು ಒಂದೇ ಪುಟದ ಮೇಲೆ ಕೂರಲು ಒಪ್ಪಲಿಲ್ಲ. ಹಾವೇರಿಗೆ ಬಂದ ದೊಡ್ಡವರಿಗೆಲ್ಲ ಏಲಕ್ಕಿ ಹಾರ ಹಾಕುತ್ತೇವೆ, ಅದೇ ಇರಲಿ ಎಂದರು ಅಧ್ಯಕ್ಷರು. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲೇ ಭೌಗೋಳಿಕ ಗುರುತು (ಜಿಐ) ಸಿಕ್ಕಿದೆ, ನಿಮ್ಮ ಹಾರಕ್ಕೆ ಏನು ಸಿಕ್ಕಿದೆ ಎಂದರು ಸಾಹುಕಾರರು. ನಮ್ಮಲ್ಲಿ 1974ರಿಂದ ಕೃಷ್ಣಮೃಗಗಳ ಅಭಯಾರಣ್ಯವಿದೆ, ಅವು ನಿಮ್ಮಂತೆ ಜಗಳಾಡುವುದಿಲ್ಲ ಎಂದರು ರಾಣೆಬೆನ್ನೂರಿನವರು. ಹುಡುಗ ಎಲ್ಲರ ಮಾತನ್ನೂ ಬರೆದುಕೊಂಡು ಹೋಗಿ, ಮೆಣಸಿನಕಾಯಿಯ ರಾಶಿಯ ಮೇಲೆ ಏಲಕ್ಕಿ ಹಾರ ಹಾಕಿಕೊಂಡು ನಿಂತ ಕೃಷ್ಣಮೃಗದ ಚಿತ್ರ ಮಾಡಿಕೊಂಡು ಬಂದ. ಸರ್ವಾನುಮತದ ಚಿತ್ರವೆಂದರೆ ಅದೊಂದೇ. ಎಲ್ಲರೂ ತಮ್ಮ ಪಾಲಿನದ್ದನ್ನು ಹುಡುಕಿ ಸಮಾಧಾನಪಟ್ಟರು. ‘ಇದರಾಗ ಬಡವರು ಎಲ್ಲೆದಾರೋ ತಮ್ಮಾ?’ ಎಂದು ಅಜ್ಜಾರು ಕೇಳುವವರೆಗೆ ಯಾರಿಗೂ ಏನೂ ಕೊರತೆ ಕಂಡಿರಲಿಲ್ಲ.

ಬ್ಯಾಡಗಿ ಮೆಣಸಿನಕಾಯಿಯ ಹಾಗೆ ನಮ್ಮ ಸಭೆಗಳಲ್ಲಿ ಬಣ್ಣ ಬಹಳ, ಖಾರ ಕಮ್ಮಿ. ಖಾರ ಶುರುವಾಗಿದ್ದು ಖಜಾಂಚಿಯವರು ಪುಟಗಳನ್ನು ಪರೀಕ್ಷಿಸಲು ಕೂತಾಗ.

ನಮ್ಮ ವಾರ್ಷಿಕ ವರದಿಗಳೆಲ್ಲ ನುಡಿ ಎಂಬ ಕನ್ನಡ ತಂತ್ರಾಂಶದ ಹಳೆಯ ಫಾಂಟಿನಲ್ಲಿವೆ. ಯೂನಿಕೋಡ್ ಬಳಕೆಗೆ ಬರುವ ಮುಂಚಿನ ಏರ್ಪಾಡು ಅದು: ಕನ್ನಡದ ಅಕ್ಷರಗಳಿಗೆ ಸ್ವಂತ ಮನೆ ಇಲ್ಲದ್ದರಿಂದ ಅವನ್ನು ಪರದೇಶದ ಚಿಹ್ನೆಗಳ ಮನೆಯಲ್ಲಿ ಬಾಡಿಗೆಗೆ ಇಟ್ಟಿದ್ದರು. ಫಾಂಟು ಇರುವತನಕ ಕಿಟಕಿಯಲ್ಲಿ ಕನ್ನಡದ ಮುಖ ಕಾಣುತ್ತದೆ; ಫಾಂಟು ಇಲ್ಲದ ಕಡೆ ಮನೆಯ ಯಜಮಾನನೇ ಹೊರಗೆ ಬಂದು ನಿಲ್ಲುತ್ತಾನೆ. ವರದಿಯನ್ನು ಇದ್ದ ಹಾಗೇ ತಂದು ಅಂಟಿಸಿದ್ದರಿಂದ ‘ನ’ ಇದ್ದಲ್ಲೆಲ್ಲ ಬ್ರಿಟನ್ನಿನ ಪೌಂಡ್ ಬಂದಿತ್ತು. ‘ಪ’ ಇದ್ದಲ್ಲೆಲ್ಲ ಜಪಾನಿನ ಯೆನ್. ‘ದಿ’ ಎಂಬುದು ಅಮೆರಿಕದ ಸೆಂಟ್ ಆಗಿತ್ತು. ಹಾಗಾಗಿ ‘ದಿನಾಂಕ’ ಎಂದು ಬರೆದ ಕಡೆಯೆಲ್ಲ ಸೆಂಟೂ ಪೌಂಡೂ ಒತ್ತೊತ್ತಾಗಿ ಕೂತಿದ್ದವು. ‘ನಿ’ ಅಕ್ಷರ ಯಾವ ದೇಶದ್ದೂ ಅಲ್ಲದ ಒಂದು ನಾಣ್ಯಚಿಹ್ನೆಯಾಗಿತ್ತು. ದಾನಿಗಳ ಪಟ್ಟಿಯಲ್ಲಿ ಅದು ತಲೆ ಎತ್ತಿದಾಗ ಖಜಾಂಚಿಯವರು ಕನ್ನಡಕ ತೆಗೆದು ಒರೆಸಿಕೊಂಡರು.

‘ಪೌಂಡು ಯಾರು ಕಳಿಸ್ಯಾರ?’ ಅವರ ಧ್ವನಿ ಅದುರುತ್ತಿತ್ತು. ‘ನಮಗ ಎಫ್‌ಸಿಆರ್‌ಎ ನೋಂದಣಿ, ಅಂದ್ರ ಪರದೇಶದ ದೇಣಿಗಿ ತಗೊಳ್ಳೋ ಪರವಾನಗಿ, ಇಲ್ಲ. ಇದ್ರೂ 2020ರ ತಿದ್ದುಪಡಿ ಆದ ಮ್ಯಾಲೆ ಪರದೇಶದ ರೊಕ್ಕಾ ಮೊದಲ ದಿಲ್ಲಿ ಸ್ಟೇಟ್ ಬ್ಯಾಂಕಿನ ಮುಖ್ಯ ಶಾಖಾಕ್ಕ ಬರಬೇಕು. ರಶೀದಿ ಎಲ್ಲೆದಾವ? ನನ್ನ ಹೆಂಡತಿ ಮಕ್ಕಳ ಗತಿ ಏನು?’

‘ಸರ್, ಇವು ಅಕ್ಷರ ರೀ, ರೊಕ್ಕಾ ಅಲ್ರಿ.’

‘ಅಕ್ಷರ ಅಂತ ನೀ ಹೇಳ್ತಿ. ಇನ್ಕಮ್ ಟ್ಯಾಕ್ಸಿನವರು ಕೇಳಬೇಕಲ್ಲ?’

ಇನ್ನೊಂದು ಕಡೆ ‘ಬಿ’ ಅಕ್ಷರ ಕಾಪಿರೈಟ್ ಚಿಹ್ನೆಯಾಗಿ, ನಮ್ಮ ‘ಆರೋಗ್ಯ ಶಿಬಿರ’ದ ನಡುಮಧ್ಯೆ ಹಕ್ಕುಸ್ವಾಮ್ಯದ ಮುದ್ರೆ ಬಿದ್ದಿತ್ತು. ಬೇರೆ ಸಂಸ್ಥೆಯವರು ಇನ್ನು ಶಿಬಿರ ನಡೆಸುವಂತಿಲ್ಲವೇನೋ ಎಂದು ಸಾಹುಕಾರರು ಖುಷಿಯಾದರು. ಎಲ್ಲವನ್ನೂ ಯೂನಿಕೋಡಿಗೆ ಬದಲಾಯಿಸಿದ ಮೇಲೆ ಪೌಂಡು, ಯೆನ್ನು ಮಾಯವಾಗಿ ಸಂಸ್ಥೆ ಮತ್ತೆ ತನ್ನ ಸಹಜವಾದ ಬಡತನಕ್ಕೆ ಮರಳಿತು. ಖಜಾಂಚಿಯವರು ಅಂದು ರಾತ್ರಿ ನಿದ್ದೆ ಮಾಡಿದರಂತೆ.

ಇನ್ನು ಫೋಟೋಗಳು. ನಮ್ಮ ಬೀರುವಿನಲ್ಲಿದ್ದ ಫೋಟೋಗಳ ಮಾದರಿ ಒಂದೇ: ವೇದಿಕೆಯ ತುಂಬ ಗಣ್ಯರು ನಿಂತು, ಎಲ್ಲರೂ ಒಂದೊಂದು ಅಂಚು ಹಿಡಿದು, ಒಂದು ಕಂಬಳಿಯನ್ನು ಒಬ್ಬ ಮುದುಕಿಗೆ ಕೊಡುತ್ತಿರುತ್ತಾರೆ. ಮುದುಕಿ ಕಂಬಳಿಯ ಹಿಂದೆ ಇದ್ದಾಳೆಂದು ನಂಬಬೇಕು. ಮೊಬೈಲಿನ ಅಗಲಕ್ಕೆ ಈ ಫೋಟೋ ಕತ್ತರಿಸಬೇಕು ಎಂದು ಹುಡುಗ ಹೇಳಿದಾಗ ಸಭೆಯಲ್ಲಿ ಮೌನ ಕವಿಯಿತು. ಯಾರ ಕಡೆಯಿಂದ ಕತ್ತರಿಸುವುದು? ಎಡಕ್ಕಿದ್ದವರು ಮಾಜಿ ಅಧ್ಯಕ್ಷರು, ಬಲಕ್ಕಿದ್ದವರು ಮುಂದೆ ಅಧ್ಯಕ್ಷರಾಗಬೇಕೆಂದಿರುವವರು. ಕೊನೆಗೆ ಮೇಲೆ ಕೆಳಗೆ ಕತ್ತರಿಸಲಾಗಿ ಎಲ್ಲರ ಹೊಟ್ಟೆಯೂ ಕಂಬಳಿಯೂ ಉಳಿದವು.

ಫೋಟೋಗಳ ತಕರಾರನ್ನು ನಿಜವಾಗಿ ಬಗೆಹರಿಸಿದ್ದು ಸಮಿತಿಯಲ್ಲ, ರಾಣೆಬೆನ್ನೂರಿನ ಹೊಲಿಗೆ ತರಬೇತಿಗೆ ಬರುವ ಒಬ್ಬ ಹೆಣ್ಣುಮಗಳು. ಹೊಲಿಗೆ ಯಂತ್ರ ತೆಗೆದುಕೊಳ್ಳುವ ಆಕೆಯ ಚಿತ್ರ ತೆಗೆಯಲು ಹುಡುಗ ಮೊಬೈಲ್ ಎತ್ತಿದಾಗ ಆಕೆ ಸೆರಗು ಸರಿಮಾಡಿಕೊಂಡು ಹೇಳಿದಳು: ‘ಮಷೀನ್ ಕೊಟ್ಟೀರಿ, ನಿಮ್ಮ ಉಪಕಾರ ಮರೆಯಂಗಿಲ್ರಿ. ಪಟಾ ಮಾತ್ರ ಹಾಕಬ್ಯಾಡ್ರಿ ಯಣ್ಣಾ. ಮಗಳಿಗೆ ಗಂಡು ನೋಡಾಕತ್ತೇವಿ. ಬೀಗರಾಗೋರು ಮೊಬೈಲ್‌ನ್ಯಾಗ ನೋಡಿದ್ರ ಏನಂದಾರು?’

ನಾವು ಕೊಡುವ ಒಂದು ಯಂತ್ರಕ್ಕೆ ಪ್ರತಿಯಾಗಿ ಆಕೆಯ ಮುಖವನ್ನು ಊರಿಗೆಲ್ಲ ತೋರಿಸುವ ಹಕ್ಕು ನಮಗೆ ಬಂದದ್ದಾದರೂ ಹೇಗೆ? ಯಂತ್ರದ ಬೆಲೆಯನ್ನು ನಾವು ಲೆಕ್ಕದಲ್ಲಿ ಬರೆದಿದ್ದೆವು, ಫೋಟೋದ ಬೆಲೆಯನ್ನು ಆಕೆಯೇ ಕಟ್ಟುತ್ತಿದ್ದಳು. ನಾನು ಸಭೆಯಲ್ಲಿ ಇದನ್ನು ಹೇಳಿದೆ. ಪಡೆದವರ ಮುಖ ಬೇಡ, ಕೊಟ್ಟದ್ದರ ಲೆಕ್ಕ ಮಾತ್ರ ಇರಲಿ ಎಂದೆ. ‘ಮುಖಾ ಇಲ್ಲದ ಸೇವಾ ಯಾರು ನಂಬ್ತಾರ್ರಿ?’ ಎಂದು ಅಧ್ಯಕ್ಷರು ತಮ್ಮ ಮುಖವನ್ನೇ ಮುಂದಿಟ್ಟು ಕೇಳಿದರು.

ಉತ್ತರಕ್ಕಾಗಿ ಹುಡುಗನನ್ನು ಹಾವೇರಿಯ ಪುರದ ಸಿದ್ಧೇಶ್ವರ ಗುಡಿಗೆ ಕರೆದುಕೊಂಡು ಹೋದೆ. ಕಲ್ಯಾಣ ಚಾಲುಕ್ಯರ ಕಾಲದ ಗುಡಿ. ಹೆಚ್ಚಿನ ಗುಡಿಗಳಂತೆ ಪೂರ್ವಕ್ಕಲ್ಲ, ಪಶ್ಚಿಮಕ್ಕೆ ಮುಖ ಮಾಡಿ ಕೂತಿದೆ. ಸಮಿತಿ ಕೇಳಿ ಕಟ್ಟಿದ್ದರೆ ಇನ್ನೂ ದಿಕ್ಕು ತೀರ್ಮಾನವಾಗುತ್ತಿರಲಿಲ್ಲ. ನೆರಳಲ್ಲಿ ಕೂತು ಅವನಿಗೆ ನಮ್ಮ ಕಡೆಯ ದಾನಶಾಸನಗಳ ಪುಟವಿನ್ಯಾಸ ವಿವರಿಸಿದೆ. ಮೇಲ್ಗಡೆ ಲಿಂಗ, ಕರುವಿಗೆ ಹಾಲೂಡಿಸುವ ಆಕಳು, ಸೂರ್ಯ, ಚಂದ್ರ. ‘ಲೋಗೊ’ ಎಂದ ಹುಡುಗ. ಕೆಳಗೆ ಅರಸನ ಬಿರುದಾವಳಿ. ‘ಅಧ್ಯಕ್ಷರ ಸಂದೇಶ, ಉದ್ದಾನೂ ಅಷ್ಟ ಐತಿ’ ಎಂದ. ಆಮೇಲೆ ಕೊಟ್ಟವರು ಯಾರು, ಪಡೆದವರು ಯಾರು, ಯಾತಕ್ಕೆ, ಎಷ್ಟು ಮತ್ತರು ಭೂಮಿ, ಯಾವ ಕೋಲಿನ ಅಳತೆ, ನಾಲ್ಕೂ ದಿಕ್ಕಿಗೆ ಗಡಿ ಯಾವುದು. ಒಂದು ಚಪ್ಪಡಿಯಲ್ಲಿ ಇಡೀ ಲೆಕ್ಕಪತ್ರ. ಪಡೆದವರ ಫೋಟೋ ಇಲ್ಲ. ಕೊಡುವವನು ಪಡೆಯುವವರ ಕಾಲು ತೊಳೆದು, ಧಾರೆ ಎರೆದು ಕೊಟ್ಟನೆಂದು ಬರೆದಿರುತ್ತದೆ. ನಮ್ಮ ಫೋಟೋಗಳಲ್ಲಿ ಬಗ್ಗಿ ನಿಂತಿರುವುದು ಪಡೆಯುವ ಮುದುಕಿ. (ಅಂದು ಕಾಲು ತೊಳೆಸಿಕೊಂಡವರು ಆಚಾರ್ಯರೇ ಹೊರತು ಬಡ ವಿಧವೆಯರಲ್ಲ ಎಂಬುದನ್ನು ಹುಡುಗನಿಗೆ ಹೇಳಲಿಲ್ಲ. ವಾದ ಗೆಲ್ಲುವ ಹೊತ್ತಿನಲ್ಲಿ ಇತಿಹಾಸವನ್ನು ಪೂರ್ತಿ ಹೇಳಬಾರದು.)

‘ಹೋಸ್ಟಿಂಗ್ ಎಷ್ಟು ವರ್ಷದ್ದು ಸರ್?’

‘ಆಚಂದ್ರಾರ್ಕ. ಸೂರ್ಯ ಚಂದ್ರ ಇರೋತನಕ.’

‘ಮತ್ತ ಸೆಕ್ಯುರಿಟಿ?’

ಈ ದಾನವನ್ನು ಅಳಿದವನು ವಾರಣಾಸಿಯಲ್ಲಿ ಸಾವಿರ ಕವಿಲೆ ಹಸು ಕೊಂದ ಪಾಪಕ್ಕೆ ಹೋಗುತ್ತಾನೆ, 60 ಸಾವಿರ ವರ್ಷ ಹೇಸಿಗೆಯಲ್ಲಿ ಹುಳುವಾಗಿ ಹುಟ್ಟುತ್ತಾನೆ ಎಂಬ ಶಾಪಾಶಯವನ್ನು ವಿವರಿಸಿದೆ. ಹುಡುಗ ತುಂಬಾ ಹೊತ್ತು ಯೋಚಿಸಿ, ‘ಪಾಸ್‌ವರ್ಡ್‌ಕಿಂತ ಗಟ್ಟಿ ಐತ್ರಿ’ ಎಂದ.

ಹೊಸ ತಾಣ ಶಾಸನದ ಕ್ರಮದಲ್ಲೇ ತಯಾರಾಯಿತು. ಯಾರು ಕೊಟ್ಟರು, ಎಷ್ಟು, ಯಾವ ಕೆಲಸಕ್ಕೆ, ಉಳಿದದ್ದು ಎಷ್ಟು. ಫಲಾನುಭವಿಗಳ ಮುಖವಿಲ್ಲ, ಹೊಲಿದ ಬಟ್ಟೆಯಿದೆ. ದೇಣಿಗೆಯ ಗುಂಡಿಯಲ್ಲಿ ಹುಡುಗ 500, 1,000 ಎಂದು ಹಾಕಿದ್ದನ್ನು ಮಾತ್ರ ಯಾರೂ ಒಪ್ಪಲಿಲ್ಲ. ಮೇಲೊಂದು ರೂಪಾಯಿ ಇಡದೆ ನಮ್ಮಲ್ಲಿ ಯಾರು ಕೊಡುತ್ತಾರೆ? 501, 1,001 ಎಂದು ತಿದ್ದಿಸಲಾಯಿತು. ‘ದಿವಂಗತ ತಂದೆಯವರ ಸ್ಮರಣಾರ್ಥ’ ಎಂದು ಬರೆಯಲು ಒಂದು ಚೌಕವನ್ನೂ ಕೂಡಿಸಿದೆವು. ಅದು ಬಂದಮೇಲೆ ಯುಪಿಐ ದೇಣಿಗೆ ನಿಜವಾಗಿಯೂ ಹೆಚ್ಚಿದೆ. ಅಧ್ಯಕ್ಷರಿಗೆ ಶಾಪದ ವಿಷಯ ಹೇಗೋ ತಿಳಿದು, ‘ನಿಯಮ ಮತ್ತು ಷರತ್ತು’ ಪುಟದಲ್ಲಿ ಅದನ್ನೂ ಹಾಕಿಸಬೇಕೆಂದು ಹಟ ಹಿಡಿದರು. ಕವಿಲೆಗಳನ್ನು ಬಿಟ್ಟು ಹುಳುವನ್ನು ಮಾತ್ರ ಉಳಿಸಿಕೊಂಡೆವು. ಕೆಳಗೆ ‘ಒಪ್ಪಿದ್ದೇನೆ’ ಎಂಬ ಗುಂಡಿಯಿದೆ. ಬೆಂಗಳೂರಿನ ಕಂಪನಿಯವರು ಓದದೆ ಒತ್ತಿದ್ದಾರೆ.

ತಾಣ ಲೋಕಾರ್ಪಣೆಯಾದ ಮೇಲೆ ‘ನಮ್ಮನ್ನು ಸಂಪರ್ಕಿಸಿ’ ಪುಟಕ್ಕೆ ಮೊದಲ ಸಂದೇಶ ಬಂತು. ಎಲ್ಲರೂ ಹುಡುಗನ ಲ್ಯಾಪ್‌ಟಾಪಿನ ಸುತ್ತ ನೆರೆದೆವು. ಯಾವ ವಿಧವೆಯ ಅಹವಾಲೋ, ಯಾವ ವಿದ್ಯಾರ್ಥಿಯ ಫೀಜೋ ಎಂದು ಅಜ್ಜಾರು ಕೂಡ ಕನ್ನಡಕ ಏರಿಸಿದರು. ಸಂದೇಶ ಇಷ್ಟೇ ಇತ್ತು: ‘ಬ್ಯಾಡಗಿ ಡಬ್ಬಿ ಇವತ್ತು ಕ್ವಿಂಟಲಿಗೆ ಏನ್ ರೇಟ್ ನಡದೈತ್ರಿ? ಕಡ್ಡಿ ಹೆಂಗೈತಿ?’

ಅಂದು ಗುರುವಾರ, ಪೇಟೆಯ ದಿನ. 2024ರ ಮಾರ್ಚ್‌ನಲ್ಲಿ ರೇಟು ಬಿದ್ದಾಗ ಎಪಿಎಂಸಿಯಲ್ಲಿ ಜನರ ಸಿಟ್ಟಿಗೆ ವಾಹನಗಳು ಸುಟ್ಟುಹೋದ ಊರಿನವರು ಸಾಹುಕಾರರು. ರೇಟಿನ ಪ್ರಶ್ನೆಯನ್ನು ಹಗುರಾಗಿ ತೆಗೆದುಕೊಳ್ಳುವವರಲ್ಲ. ಎರಡು ಅಂಗಡಿಗೆ ಫೋನ್ ಹಚ್ಚಿ, ಡಬ್ಬಿ, ಕಡ್ಡಿ ಎರಡೂ ಬಗೆಯ ಮೆಣಸಿನಕಾಯಿಯ ಮೇಲಿನ ಕೆಳಗಿನ ಧಾರಣೆ ವಿಚಾರಿಸಿ, ಹಸಿ ಇದ್ದರೆ ತರಬೇಡಿ, ಒಣಗಿಸಿಕೊಂಡು ಸೋಮವಾರ ಬನ್ನಿ ಎಂಬ ಸಲಹೆಯನ್ನೂ ಸೇರಿಸಿ ಉತ್ತರ ಬರೆಸಿದರು. ಸ್ವಲ್ಪ ಹೊತ್ತಿಗೆ ಆ ರೈತ ದೇಣಿಗೆಯ ಗುಂಡಿ ಒತ್ತಿ 101 ರೂಪಾಯಿ ಕಳಿಸಿದ. ಈಗ ಖಜಾಂಚಿಯವರು ಅದನ್ನು ಯಾವ ಶೀರ್ಷಿಕೆಯಡಿ ಜಮಾ ಮಾಡಬೇಕೆಂದು ಮುಂದಿನ ಸಭೆ ಕರೆದಿದ್ದಾರೆ.