ಸಾಸಿವೆ ಸಿಡಿಯಿತು, ಕರಿಬೇವು ಬರಲಿಲ್ಲ

ನಮ್ಮ ಮನೆಗೆ ಬಂದವರು ಕಾಫಿ ಕುಡಿಯದೆ ಹೋದದ್ದುಂಟು. ಟೆರೇಸಿನ ಕರಿಬೇವಿನ ಗಿಡಕ್ಕೆ ಸಲಹೆ ಕೊಡದೆ ಹೋದವರಿಲ್ಲ. ಕೆಳಮನೆಯ ರಾಯರು ಹುಳಿ ಮಜ್ಜಿಗೆ ಎಂದರು. ನಮ್ಮತ್ತೆ ಅಕ್ಕಿ ತೊಳೆದ ನೀರು ಎಂದರು. ಗ್ಯಾಸ್ ಸಿಲಿಂಡರ್ ಹೊತ್ತು ತಂದ ಹುಡುಗ ಏದುಸಿರಿನ ನಡುವೆಯೇ, "ಮೀನು ತೊಳೆದ ನೀರು ಹಾಕಿ ಸಾರ್, ಹೆಂಗೆ ಬತ್ತದೆ ನೋಡಿ" ಎಂದ. ಈ ಮನೆಯಲ್ಲಿ ಮೀನು ತೊಳೆಯುವ ಪದ್ಧತಿಯಿಲ್ಲ ಎಂದಾಗ ಗಿಡದ ಕಡೆಗೊಮ್ಮೆ ಅಯ್ಯೋ ಪಾಪ ಎನ್ನುವ ಹಾಗೆ ನೋಡಿ ಹೋದ.

ನಾನು ಯಾರ ಮಾತನ್ನೂ ತೆಗೆದುಹಾಕುವವನಲ್ಲ. ಮೀನೊಂದನ್ನು ಬಿಟ್ಟು ಎಲ್ಲವನ್ನೂ ಗಿಡಕ್ಕೆ ಕುಡಿಸಿದೆ. ಅದೂ ಬೆಳೆಯಿತು. ಯಾವುದರಿಂದ ಬೆಳೆಯಿತೆಂದು ಗೊತ್ತಾಗದ್ದರಿಂದ ಎಲ್ಲರೂ ತಮ್ಮಿಂದಲೇ ಎಂದುಕೊಂಡು ಸುಖವಾಗಿದ್ದಾರೆ. ಹೀಗೆ ನನಗೂ ಸಲಹೆ ಕೊಡುವ ಅಧಿಕಾರ ಬಂದಿದೆ, ಕೇಳಿ. ಬೀಜದಿಂದ ಬೆಳೆಸುವುದಾದರೆ ಹಣ್ಣು ಕಪ್ಪಾದ ಕೂಡಲೇ ತಿರುಳು ತೆಗೆದು ಬಿತ್ತಬೇಕು. ಡಬ್ಬಿಯಲ್ಲಿ ಒಣಗಿಸಿಟ್ಟರೆ ಅದು ಹುಟ್ಟುವ ಆಸೆ ಬಿಡುತ್ತದೆ. ಹಿತ್ತಲಿರುವವರ ಸ್ನೇಹವಿದ್ದರೆ ದೊಡ್ಡ ಗಿಡದ ಬೇರಿನಿಂದ ಎದ್ದ ಮರಿಯನ್ನು ಕಿತ್ತು ತರುವುದೇ ಸುಲಭ. ಕುಂಡದ ತಳದಲ್ಲಿ ತೂತಿರಲಿ, ನೀರು ನಿಲ್ಲದಿರಲಿ, ಬಿಸಿಲು ಬೀಳಲಿ. ಎಲೆ ಬೇಕೆಂದಾಗ ಒಂದೊಂದೇ ಉದುರಿಸಿಕೊಳ್ಳಬೇಡಿ, ಕುಡಿಯನ್ನೇ ಕತ್ತರಿಸಿ. ಅದರ ಕೆಳಗಿನಿಂದ ಹೊಸ ಕವಲು ಒಡೆಯುತ್ತದೆ. ಹೂವಿನ ಗೊಂಚಲು ಬಂದರೆ ಚಿವುಟಿ ಹಾಕಿ. ಮಜ್ಜಿಗೆಯನ್ನು ನೀರು ಮಾಡಿಯೇ ಹಾಕಿ. ಇಲ್ಲಿಗೆ ಕೃಷಿದರ್ಶನ ಮುಗಿಯಿತು.

ಅವತ್ತು ಭಾನುವಾರ, ಚಿತ್ರಾನ್ನ. ಕೆಳಗಿನಿಂದ ಕೂಗು ಬಂತು: "ರೀ, ಎರಡು ಎಸಳು ಕರಿಬೇವು. ಎಣ್ಣೆ ಇಟ್ಟಿದೀನಿ!"

ಎಣ್ಣೆ ಇಟ್ಟಿದೀನಿ ಎಂದ ಮೇಲೆ ಗಂಡಸಾದವನಿಗೆ ಯೋಚಿಸಲು ಅವಕಾಶವಿಲ್ಲ. ಕತ್ತರಿ ಹಿಡಿದು ಬಗ್ಗಿದೆ. ಮೊದಲ ಎಸಳಿನ ಮೇಲೆ ಹಕ್ಕಿ ಹಿಕ್ಕೆ ಹಾಕಿತ್ತು. ಕಂದು, ನಡುವೆ ಬಿಳಿ. ಉಫ್ ಎಂದು ಊದಿದೆ. ಹಿಕ್ಕೆ ತಲೆಯೆತ್ತಿತು. ಅರವತ್ತು ದಾಟಿದವನ ಎದುರು ಹಿಕ್ಕೆ ತಲೆಯೆತ್ತಬಾರದು. ಪಕ್ಕದ ಎಸಳಿಗೆ ಕತ್ತರಿ ಒಯ್ದೆ. ಅಲ್ಲಿ ಹಸಿರು ಹುಳವೊಂದು ಎಲೆಯ ಅಂಚಿಗೆ ಒರಗಿ, ಮೇಲಿನಿಂದ ಕೆಳಕ್ಕೆ, ಮತ್ತೆ ಮೇಲಿನಿಂದ ಕೆಳಕ್ಕೆ ಕತ್ತರಿಸುತ್ತ ನಡುನರದವರೆಗೆ ಬಂದಿತ್ತು. ಕತ್ತರಿಯ ತುದಿ ಅದಕ್ಕೆ ತಾಗಿತು ನೋಡಿ, ತಲೆಯ ಹಿಂದಿನಿಂದ ಕಿತ್ತಳೆ ಬಣ್ಣದ ಒದ್ದೆ ಕೊಂಬೆರಡು ಚಿಮ್ಮಿಬಂದವು! ಜತೆಗೇ ಮುಗ್ಗಿದ ಬೆಣ್ಣೆಯ ವಾಸನೆ. ನಾನು ಎರಡು ಹೆಜ್ಜೆ ಹಿಂದೆ ಸರಿದು "ಸಾರಿ" ಎಂದೆ. ಹೆಂಡತಿಗೆ ಸಾರಿ ಹೇಳಿದ ದಾಖಲೆ ನಮ್ಮ ಮನೆಯಲ್ಲಿಲ್ಲ, ಹುಳಕ್ಕೆ ಹೇಳಿದೆ.

ಕೆಳಗೆ ಸಾಸಿವೆ ಚಟಪಟ ಶುರುವಾಯಿತು.

"ರೀ!"

"ಒಂದ್ನಿಮಿಷ, ಎಲೆ ತುಂಬ ಜನ ಇದ್ದಾರೆ."

"ಯಾರು ಬಂದಿದ್ದಾರೆ?"

"ನಿಂಬೆ ಚಿಟ್ಟೆಯ ಮರಿಗಳು ಕಣೇ! ನಿಂಬೆ, ಕಿತ್ತಳೆ, ಬಿಲ್ವ, ಕರಿಬೇವು ಎಲ್ಲ ಒಂದೇ ಕುಟುಂಬ ನೋಡು, ಅದಕ್ಕೇ ತಾಯಿ ಹುಡುಕಿಕೊಂಡು ಬಂದು ಇಲ್ಲಿ ಮೊಟ್ಟೆ ಇಡ್ತಾಳೆ. ಚಿಕ್ಕಂದಿನಲ್ಲಿ ಹಿಕ್ಕೆ ವೇಷ, ಹಕ್ಕಿ ಹತ್ತಿರ ಬರಲ್ಲ. ದೊಡ್ಡದಾದ್ಮೇಲೆ ಹಸಿರು ಅಂಗಿ. ಆ ಕೊಂಬಿಗೆ ಆಸ್ಮೆಟೀರಿಯಂ ಅಂತಾರೆ. ಇರುವೆ ಗಿರುವೆ ಬಂದರೆ ಓಡಿಸೋಕೆ. ಆ ವಾಸನೆ ಐಸೋಬ್ಯುಟಿರಿಕ್ ಆಮ್ಲದ್ದು..."

ಕಡಲೆಬೇಳೆ ಬಿತ್ತು. ಒಣಮೆಣಸಿನಕಾಯಿ ಬಿತ್ತು. ಆಮೇಲೆ ಏನೂ ಬೀಳಲಿಲ್ಲ. ಮೆಟ್ಟಿಲ ಮೇಲೆ ಘಾಟು ಮೊದಲು ಬಂತು, ಹಿಂದೆಯೇ ಸೌಟು ಹಿಡಿದ ಹೆಂಡತಿ. ಅವಳು ಗಿಡ ನೋಡಿದಳು, ನನ್ನನ್ನು ನೋಡಿದಳು, ಕೊಂಬು ಒಳಗೆಳೆದುಕೊಂಡು ಮತ್ತೆ ಮೇಯತೊಡಗಿದ್ದ ಹುಳವನ್ನು ನೋಡಿದಳು. "ನನ್ನ ಮಜ್ಜಿಗೆ ಕುಡಿದು ಇದನ್ನ ಸಾಕಿದ್ದಾ ಗಿಡ!" ಎಂದು ಇಳಿದುಹೋದಳು. ಕರಿಬೇವಿಲ್ಲದ ಚಿತ್ರಾನ್ನವನ್ನು ಮೌನವಾಗಿ ತಿಂದೆವು. ಸೀದಿದ್ದ ಸಾಸಿವೆಯ ಬಗ್ಗೆ ನಾನು ಏನೂ ಅನ್ನಲಿಲ್ಲ.

ಸಂಜೆ ರಾಯರು ಸ್ಪ್ರೇ ಬಾಟಲಿ ಸಮೇತ ಹಾಜರಾದರು. "ಒಂದು ಸಲ ಹೊಡೆದುಬಿಡಿ ಸ್ವಾಮಿ, ಬೆಳಗ್ಗೆಗೆ ಒಂದೂ ಇರಲ್ಲ." ಬೆಂಗಳೂರಿನಲ್ಲಿ ಚಿಟ್ಟೆಗಳೇ ಕಾಣೆಯಾಗಿವೆ ಎಂದು, ಅಳುವ ಗೊಂಬೆಗಳ ಸಾಲಿನ ಸಮೇತ, ನನಗೆ ವಾಟ್ಸಾಪ್ ಕಳಿಸಿದ್ದವರೂ ಇವರೇ. ಚಿಟ್ಟೆ ಬೇಕು, ಹುಳ ಬೇಡ! ಮೊಮ್ಮಕ್ಕಳು ನೇರವಾಗಿ ಎಂಜಿನಿಯರಾಗಿಯೇ ಹುಟ್ಟಲಿ ಎನ್ನುವ ಜಾತಿಯವರು ಇವರು. ಹಾಗೆಂದು ಬಾಯಿಗೆ ಬಂದಿತ್ತು. ನೀರಿನ ಮೋಟಾರ್ ಸ್ವಿಚ್ಚು ಅವರ ಮನೆಯಲ್ಲಿರುವುದರಿಂದ ನುಂಗಿಕೊಂಡೆ.

ಮರುದಿನ ತಳ್ಳುಗಾಡಿಯಲ್ಲಿ ಕೊಂಡ ಕರಿಬೇವು ಬಂತು. ಒಂದು ಕಾಲಕ್ಕೆ ಕೊತ್ತಂಬರಿಯ ಜತೆ ಪುಕ್ಕಟೆ ಬೀಳುತ್ತಿದ್ದ ಸೊಪ್ಪು ಅದು. ಹರಡಿಕೊಂಡು ನೋಡಿದೆ. ಒಂದು ತೂತಿಲ್ಲ, ಒಂದು ಕಚ್ಚಿಲ್ಲ, ಎಲೆಗಳೆಲ್ಲ ಅಚ್ಚಿನಲ್ಲಿ ತೆಗೆದ ಹಾಗಿದ್ದವು. ಯಾವ ಹುಳವೂ ಮುಟ್ಟದ ಎಲೆಯನ್ನು ನಾವೇಕೆ ಇಷ್ಟು ಧೈರ್ಯದಿಂದ ಮುಟ್ಟುತ್ತೇವೆ? ಕೀಟನಾಶಕದ ಉಳಿಕೆ ಇರುತ್ತದೆಂದು ಭಾರತದ ಕರಿಬೇವಿಗೆ ಯುರೋಪ್ ಒಕ್ಕೂಟ ತನ್ನ ಗಡಿಯಲ್ಲಿ ಹೆಚ್ಚುವರಿ ತಪಾಸಣೆ ಇಟ್ಟಿತ್ತು. ನಮ್ಮ ಬೀದಿಯ ಕೊನೆಯಲ್ಲಿ ಅಂಥ ಗಡಿ ಯಾವುದೂ ಇಲ್ಲ. ಹೆಂಡತಿ ಏನೂ ಮಾತಾಡದೆ ಸೊಪ್ಪನ್ನು ಉಪ್ಪುನೀರಿನಲ್ಲಿ ನೆನೆಹಾಕಿದಳು, ಆ ನೀರು ಚೆಲ್ಲಿ ಮತ್ತೆ ತೊಳೆದಳು.

ಅಂದಿನಿಂದ ಒಪ್ಪಂದವಾಗಿದೆ. ಗಿಡದ ನಡುವಿಗೆ ಅವಳು ಕೆಂಪು ದಾರ ಕಟ್ಟಿದ್ದಾಳೆ. ಮೇಲಿನದು ಒಗ್ಗರಣೆಗೆ, ಕೆಳಗಿನದು ಹುಳಕ್ಕೆ. ಹುಳಗಳು ಎಳೆ ಚಿಗುರನ್ನೇ ಇಷ್ಟಪಡುವುದರಿಂದಲೂ ಚಿಗುರು ಮೇಲೆಯೇ ಇರುವುದರಿಂದಲೂ ಗಡಿ ಉಲ್ಲಂಘನೆ ನಡೆದೇ ಇದೆ. ಬೆಳಗ್ಗೆ ಅವಳೇ ಹೋಗಿ, ಮೇಲಿದ್ದವನ್ನು ಎಲೆ ಸಮೇತ ಎತ್ತಿ ಕೆಳಗಿನ ಕೊಂಬೆಗೆ ಬಿಡುತ್ತಾಳೆ, ಬೈಯುತ್ತಲೇ. ಕೊಂಬು ತೋರಿಸಿದರೆ "ಹೋಗಾಚೆ, ಇಂಥ ಕೊಂಬು ಮನೆಯಲ್ಲೇ ನೋಡಿದೀನಿ" ಎನ್ನುತ್ತಾಳೆ.

ಹುಳಗಳ ಸಂಖ್ಯೆ ಏರಿದೆ, ಗಿಡ ಸೋಲುತ್ತಿದೆ. ಹಾಗಾಗಿ ಮೊನ್ನೆ ನಾನು ಲಾಲ್‌ಬಾಗಿನ ಕಡೆ ಹೋದವನು ಒಂದು ನಿಂಬೆ ಸಸಿ ತಂದು ಟೆರೇಸಿನಲ್ಲಿಟ್ಟೆ.

"ಇದ್ಯಾಕೆ?" ಎಂದಳು.

"ಉಪ್ಪಿನಕಾಯಿಗೆ."

ಅವಳು ಸಸಿಯ ಎಳೆ ಚಿಗುರನ್ನು ಹಿಡಿದು ಅಡಿಬದಿ ತಿರುವಿ ನೋಡಿದಳು.

"ಯಾರ ಎಲೆಗೆ ಬಡಿಸೋಕೆ?"