ದ್ವಿಚಕ್ರಪ್ರಶ್ನೋತ್ತರ ಮೀಮಾಂಸೆ

ಮಾನವನು ಸೈಕಲ್ಲನ್ನು ಏರುವುದು ಗಮ್ಯವನ್ನು ಸೇರುವುದಕ್ಕಾಗಿ ಎಂಬುದು ಪಾಮರರ ಮತ. ಆಂಗ್ಲಸಂಭಾಷಣಪರೀಕ್ಷಾಶಾಸ್ತ್ರದ ಪ್ರಕಾರ ಆತನು ಅದನ್ನು ಏರುವುದು, ಏರಿದೆನೆಂದು ಮುಂದೊಂದು ದಿನ ಮೂರು ವಾಕ್ಯಗಳಲ್ಲಿ ಹೇಳುವುದಕ್ಕಾಗಿ. ಈ ಸೂಕ್ಷ್ಮವನ್ನು ಅರಿಯದೆ ಲೋಕವು ಇಷ್ಟು ಕಾಲ ವೃಥಾ ಪೆಡಲು ತುಳಿಯಿತಲ್ಲಾ ಎಂಬ ಅನುಕಂಪದಿಂದಲೂ, ತಂಗಿಯ ಮಗಳನ್ನು ಎರಡು ತಿಂಗಳ ಕಾಲ ಒಂದು ಕೋಚಿಂಗ್ ಕೇಂದ್ರಕ್ಕೆ ಕರೆದೊಯ್ದು ಹಿಂದಿನ ಬೆಂಚಿನಲ್ಲಿ ಕಾದು ಕುಳಿತ ಪುಣ್ಯಬಲದಿಂದಲೂ ಈ ಅಲ್ಪಗ್ರಂಥಕ್ಕೆ ಕೈಯಿಟ್ಟಿದ್ದೇನೆ.

ಪ್ರಕೃತ ಪರೀಕ್ಷೆಯು ಐಇಎಲ್‌ಟಿಎಸ್ ಎಂಬುದು. 1989ರಿಂದ ಈ ಹೆಸರಿನಲ್ಲಿ ನಡೆದು ಬಂದಿರತಕ್ಕದ್ದು. ಬ್ರಿಟನ್ನಿನ ಆಸ್ಪತ್ರೆಯಲ್ಲಿ ನರ್ಸಾಗಬಯಸುವ ಹುಡುಗಿಯು ದಾಟಬಹುದಾದ ಹೊಸ್ತಿಲುಗಳಲ್ಲಿ ಒಂದು. ಮಾತಿನ ಭಾಗಕ್ಕೆ 11ರಿಂದ 14 ನಿಮಿಷ. ಅದರಲ್ಲಿ ಅವಳಿಗೆ 9ಕ್ಕೆ 7 ಬರಬೇಕು. ಮೊದಲ ನಾಲ್ಕೈದು ನಿಮಿಷಗಳಲ್ಲಿ ಮನೆ, ಊರು, ಓದು ಇತ್ಯಾದಿ ಪರಿಚಿತ ವಿಷಯಗಳು ಬರುತ್ತವೆ. ಅವುಗಳ ನಡುವೆ ಒಮ್ಮೊಮ್ಮೆ ಸೈಕಲ್ಲೂ ಉರುಳಿ ಬರುತ್ತದೆ.

ಸೈಕಲ್‌ಪ್ರಶ್ನೆಗಳು ತ್ರಿವಿಧ. ‘ನಿನ್ನ ಬಳಿ ಸೈಕಲ್ ಇದೆಯೆ?’ ಎಂಬುದು ಸ್ವಾಮ್ಯಪ್ರಶ್ನೆ. ‘ಸವಾರಿ ಕಲಿತದ್ದು ಯಾವಾಗ?’ ಎಂಬುದು ಸ್ಮೃತಿಪ್ರಶ್ನೆ. ‘ನಿಮ್ಮ ದೇಶದಲ್ಲಿ ಸೈಕಲ್ ಜನಪ್ರಿಯವೆ?’ ಎಂಬುದು ಲೋಕಪ್ರಶ್ನೆ. ಉತ್ತರಗಳಾದರೋ ಪಂಚವಿಧ. ‘ಎಸ್’ ಎಂದು ಬಾಯಿ ಮುಚ್ಚುವುದು ಏಕಪದಿ, ಇದು ಮಹಾಪಾತಕ. ‘ವೆಲ್, ದಟ್ಸ್ ಆನ್ ಇಂಟರೆಸ್ಟಿಂಗ್ ಕ್ವೆಶ್ಚನ್’ ಎಂಬ ಮಂಗಲಾಚರಣೆಯೊಡನೆ ತೊಡಗುವುದು ಸಮಂಗಲ. ಸೈಕಲ್ಲೇ ಇಲ್ಲದಿದ್ದರೂ ಏಕಿಲ್ಲ, ಇದ್ದಿದ್ದರೆ ಏನಾಗುತ್ತಿತ್ತು, ಮುಂದೆ ಕೊಂಡರೆ ಯಾವ ಬಣ್ಣದ್ದೆಂದು ಭೂತಭವಿಷ್ಯತ್ತುಗಳಿಗೆ ಚಾಚುವುದು ಪಲ್ಲವಿತ. ನಾಲ್ಕನೆಯದೂ ಐದನೆಯದೂ ಈ ಮೂರರ ಬೆರಕೆ. ಅವನ್ನು ವಿವರಿಸುವಷ್ಟು ತಾಳ್ಮೆ ಕೋಚಿಂಗಿನ ಮೇಷ್ಟರಿಗಿತ್ತು, ಗ್ರಂಥಕರ್ತನಿಗಿಲ್ಲ.

ಇನ್ನು ಪ್ರಾಮಾಣ್ಯವಿಚಾರ. ಉತ್ತರವನ್ನು ತೂಗುವುದಕ್ಕೆ ನಾಲ್ಕು ತಕ್ಕಡಿಗಳಿವೆ: ನಿರರ್ಗಳತೆ ಮತ್ತು ಸಂಬದ್ಧತೆ, ಪದಸಂಪತ್ತು, ವ್ಯಾಕರಣದ ವೈವಿಧ್ಯ ಮತ್ತು ಶುದ್ಧಿ, ಉಚ್ಚಾರಣೆ, ನಾಲ್ಕಕ್ಕೂ ಸಮಭಾಗ. ಸತ್ಯಕ್ಕೆ ತಕ್ಕಡಿಯಿಲ್ಲ. ಭಾಷೆಯ ಪರೀಕ್ಷೆಯಲ್ಲಿ ಭಾಷೆಯನ್ನಷ್ಟೇ ತೂಗುವುದು ನ್ಯಾಯವೇ ಸರಿ. ಆದರೆ ಈ ನ್ಯಾಯದ ಸಂದಿಯಲ್ಲಿ ಮೇಷ್ಟರು ಒಂದು ಅಂಗಡಿಯನ್ನೇ ತೆರೆದಿದ್ದರು. ಏಳನೆಯ ಹುಟ್ಟುಹಬ್ಬಕ್ಕೆ ತಂದೆ ಕೊಡಿಸಿದ ಕೆಂಪು ಸೈಕಲ್, ಮನೆಯ ಹತ್ತಿರದ ಪಾರ್ಕು, ಭಾನುವಾರದ ಸವಾರಿ, ಪರಿಸರರಕ್ಷಣೆ, ದೇಹದಾರ್ಢ್ಯ: ಇಪ್ಪತ್ತೆರಡು ಜನ ವಿದ್ಯಾರ್ಥಿಗಳಿಗೂ ಒಂದೇ ಕೆಂಪು ಸೈಕಲ್ಲು. ಬಾಯಿಪಾಠದ ಉತ್ತರವನ್ನು ಪರೀಕ್ಷಕರು ಗುರುತಿಸಬಲ್ಲರಾದ್ದರಿಂದ ಅದಕ್ಕೂ ಪ್ರಾಯಶ್ಚಿತ್ತವಿತ್ತು. ಮೂರನೆಯ ವಾಕ್ಯದ ಮಧ್ಯೆ ತುಸು ತಡೆದು, ನೆನಪಿಸಿಕೊಳ್ಳುವವರಂತೆ ಮೇಲೆ ನೋಡಬೇಕು. ಇದಕ್ಕೆ ನಾನು ಸಹಜಾಭಾಸವೆಂದು ಹೆಸರಿಟ್ಟೆ. ಇಪ್ಪತ್ತೆರಡು ಜನರೂ ಒಟ್ಟಿಗೆ ಫ್ಯಾನಿನ ಕಡೆ ನೋಡುವುದನ್ನು ಕಣ್ಣಾರೆ ಕಂಡಿದ್ದೇನೆ.

ತಂಗಿಯ ಮಗಳ ಸರದಿ ಬಂದಾಗ ಅವಳು ತಪ್ಪುತಪ್ಪಾಗಿ, ಆದರೆ ತನ್ನದೇ ಸಂಗತಿಯನ್ನು ಹೇಳಿದಳು. ನಮ್ಮ ಸರ್ಕಾರವು 2006-07ರಿಂದ ಎಂಟನೆಯ ತರಗತಿಯ ಮಕ್ಕಳಿಗೆ ಕೊಡತೊಡಗಿದ ಸೈಕಲ್ಲುಗಳಲ್ಲಿ ಒಂದು ಅವಳ ಪಾಲಿಗೂ ಬಂದಿತ್ತು. ಬೆಳಗ್ಗೆ ಹ್ಯಾಂಡಲ್ಲಿನ ಎಡಕ್ಕೆ ಹಾಲಿನ ಕ್ಯಾನು, ಬಲಕ್ಕೆ ಪುಸ್ತಕದ ಚೀಲ. ಪುಸ್ತಕ ಕಡಿಮೆಯಿದ್ದ ದಿನ ಸೈಕಲ್ಲು ಎಡಕ್ಕೇ ಎಳೆಯುತ್ತಿತ್ತಂತೆ, ಆಗ ಚೀಲಕ್ಕೆ ಒಂದು ಕಲ್ಲು ಹಾಕಿಕೊಳ್ಳುತ್ತಿದ್ದಳಂತೆ. ಡೈರಿಗೆ ಹಾಲು ಹಾಕಿ, ಕೆರೆ ಏರಿಯ ಮೇಲೆ ಚೈನು ಕಳಚಿದರೆ ಕಡ್ಡಿಯಿಂದ ಎತ್ತಿ ಕೂರಿಸಿ, ಕೈಯ ಮಸಿಯನ್ನು ಹುಲ್ಲಿಗೆ ಒರಸಿ, ಪ್ರಾರ್ಥನೆಯ ಹೊತ್ತಿಗೆ ಶಾಲೆ ಸೇರಬೇಕು. ಕಲ್ಲಿಗೆ ಇಂಗ್ಲಿಷು ಸಿಕ್ಕಿತು. ಚೈನು ಕಳಚುವುದಕ್ಕೆ ಸಿಗದೆ ಕೈಯಲ್ಲೇ ತೋರಿಸಿದಳು. ತರಗತಿಯಲ್ಲಿ ಅದುವರೆಗೆ ಮೊಬೈಲು ನೋಡುತ್ತಿದ್ದವರು ತಲೆಯೆತ್ತಿದರು.

“ಹಾಲು, ಕಲ್ಲು ಎಲ್ಲಾ ಬ್ಯಾಡಮ್ಮ. ಎನ್ವಿರಾನ್‌ಮೆಂಟು, ಫಿಟ್‌ನೆಸ್ಸು, ಇವೆರಡು ಬಂದ್ರೆ ಸಾಕು,” ಎಂದರು ಮೇಷ್ಟರು.

ಇಲ್ಲಿ ಗ್ರಂಥಕರ್ತನ ಗಾಂಭೀರ್ಯಕ್ಕೆ ಭಂಗ ಬಂದಿದೆ, ಓದುಗರು ಮನ್ನಿಸಬೇಕು. ಆ ಮನುಷ್ಯನಿಗೆ ಬೇಕಾಗಿದ್ದುದು ಒಂದು ಕ್ರಿಯಾಪದವನ್ನು ಕೊಡುವಷ್ಟು ಸೌಜನ್ಯ ಮಾತ್ರ. ಕಳಚಿದ ಚೈನಿಗೆ ಇಂಗ್ಲಿಷಿನಲ್ಲಿ ಏನೆನ್ನುತ್ತಾರೆಂದು ಹೇಳಿಕೊಟ್ಟಿದ್ದರೆ ಅವಳ ಪದಸಂಪತ್ತಾದರೂ ಬೆಳೆಯುತ್ತಿತ್ತು. ಅದನ್ನು ಬಿಟ್ಟು, ಹಣ ತೆಗೆದುಕೊಂಡು, ಅವಳ ಬಾಲ್ಯವನ್ನೇ ತೆಗೆದಿಟ್ಟು ಬೇರೆ ಯಾರದೋ ಬಾಲ್ಯವನ್ನು ಕೈಗಿತ್ತರು. ಇನ್ನು ಲೋಕಪ್ರಶ್ನೆಗೆ ಅವರ ಸಿದ್ಧೋತ್ತರ, ಸೈಕಲ್ಲು ನಮ್ಮಲ್ಲಿ ಬಹಳ ಜನಪ್ರಿಯ, ಆರೋಗ್ಯದ ಅರಿವು ಹೆಚ್ಚುತ್ತಿದೆ ಎಂಬುದು. ಕ್ಯಾರಿಯರಿನ ಎರಡು ಬದಿಗೂ ಎಳನೀರಿನ ಗೊನೆ ಕಟ್ಟಿ, ಹತ್ತಲಾಗದೆ ಪೇಟೆಯವರೆಗೂ ತಳ್ಳಿಕೊಂಡೇ ಹೋಗುವವನಿಗೆ ಸೈಕಲ್ಲು ಪ್ರಿಯವೋ ಅಪ್ರಿಯವೋ ಯಾರು ಕೇಳಿದ್ದಾರೆ? ಅವನಿಗೆ ಅದು ಗತಿ. ಗತಿ ಎಂಬ ನಮ್ಮ ಮಾತಿನಲ್ಲಿ ಚಲನೆಯೂ ಇದೆ, ನಿರ್ವಾಹವಿಲ್ಲದಿರುವುದೂ ಇದೆ. ಈ ಒಂದು ಮಾತಿಗೆ ಎಷ್ಟು ಅಂಕವೆಂದು ಮೇಷ್ಟರನ್ನು ಕೇಳಬೇಕೆಂದಿದ್ದೆ, ಬಾಯಿ ಬರಲಿಲ್ಲ. ನಾನೂ ಹಣ ಕಟ್ಟಿದವನೇ.

ಪರೀಕ್ಷೆಗೆ ನಾಲ್ಕು ದಿನವಿರುವಾಗ ಹುಡುಗಿ ಜಗಲಿಯ ಮೇಲೆ ಕುಳಿತು ಕೆಂಪು ಸೈಕಲ್ಲಿನ ಪಾಠವನ್ನು ಒಪ್ಪಿಸಿಕೊಳ್ಳುತ್ತಿದ್ದಳು. ತಂಗಿ ಹಾಲು ಕರೆದು ಕೊಟ್ಟಿಗೆಯಿಂದ ಬಂದವಳು ‘ಫಾದರ್’, ‘ರೆಡ್’, ‘ಸೈಕಲ್’ ಎಂಬ ಮೂರು ಮಾತು ಕಿವಿಗೆ ಬಿದ್ದು ನಿಂತಳು.

“ಯಾವ ಕೆಂಪು ಸೈಕಲ್ಲೇ ಅದು? ನಿಮ್ಮಪ್ಪ ಯಾವಾಗ ತಂದಿದ್ರು?”

ಹುಡುಗಿ ನನ್ನ ಮುಖ ನೋಡಿದಳು. ಆಮೇಲೆ ಹಾಳೆಯನ್ನು ತಿರುವಿ ಮೊದಲಿನಿಂದ ಶುರುಮಾಡಿದಳು. ಮೂರನೆಯ ವಾಕ್ಯದಲ್ಲಿ ತಡೆದು ಮೇಲೆ ನೋಡಿದಳು. ಜಗಲಿಯ ಮೇಲೆ ಫ್ಯಾನಿರಲಿಲ್ಲ.